ಊಟದ ಹೊತ್ತಿಗೆ ಏಣಿ ಇಳಿಯುವವರು

ನಮ್ಮ ಮನೆಯ ತಾರಸಿಯ ಮೇಲೆ ಕೆಲಸ ಮಾಡಲು ಬರುವವರು ನಮ್ಮ ಮನೆಯಲ್ಲಿ ಊಟ ಮಾಡುವುದಿಲ್ಲ. ಆ ಒಂದೇ ಕಾರಣಕ್ಕೆ ನಮ್ಮ ಮನೆಯ ಸೋಲಾರ್ ಒಂದು ವರ್ಷದಿಂದ ಅರ್ಧಕ್ಕೆ ನಿಂತಿದೆ. ಇದು ಅನ್ಯಾಯ. ಇದನ್ನು ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಧೈರ್ಯ ಸಾಲದೆ ಹೋದೀತು ಎಂದು ಮೊದಲೇ ಹೇಳಿದ್ದೇನೆ. ಇನ್ನು ಕ್ರಮಪ್ರಕಾರ ನಮಸ್ಕಾರಗಳು.

ಈ ಸಮಾರಂಭದ ಅಧ್ಯಕ್ಷರಾದ ಮಾನ್ಯ ಗಂಗಾಧರಸ್ವಾಮಿಯವರೇ, ಇದೀಗ ತಾನೇ ‘ಸೂರ್ಯಮಿತ್ರ’ ಎಂಬ ಬಿರುದು ಪಡೆದು ಶಾಲು ಹೊದ್ದು ಕುಳಿತಿರುವ ಸೋಲಾರ್ ಗುತ್ತಿಗೆದಾರರಾದ ಸೋಮೇಶಣ್ಣನವರೇ, ಅವರನ್ನು ಸನ್ಮಾನಿಸುತ್ತಿರುವ ಗುಂಡ್ಲುಪೇಟೆಯ ಗೆಳೆಯರ ಬಳಗದ ಪದಾಧಿಕಾರಿಗಳೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ನಮ್ಮ ಕೇರಿಯವರೇ, ಕುರ್ಚಿಗಳು ಖಾಲಿ ಇವೆ, ದಯವಿಟ್ಟು ಕುಳಿತುಕೊಳ್ಳಿ, ಮತ್ತು ನನ್ನ ಪ್ರೀತಿಯ ಸಭಿಕರೇ.

ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ನಾನು ಗಮನಿಸಿದೆ. ನನಗೆ ಕೊಟ್ಟಿರುವುದು ಐದು ನಿಮಿಷ. ಆಮಂತ್ರಣ ಪತ್ರಿಕೆಯಲ್ಲಿ ‘ಫಲಾನುಭವಿಯ ಅನಿಸಿಕೆ: ಕುಮಾರಿ ಶಿವರಂಜಿನಿ’ ಎಂದು ಅಚ್ಚು ಹಾಕಿಸಿದ್ದೀರಿ. ಫಲ ಇನ್ನೂ ಬಂದಿಲ್ಲ, ಅನುಭವ ಬಂದಿದೆ. ಅನುಭವಕ್ಕೆ ಐದು ನಿಮಿಷ ಸಾಲುವುದಿಲ್ಲ, ಕ್ಷಮಿಸಬೇಕು.

ಸೋಮೇಶಣ್ಣನವರು ನೂರು ಮನೆಗಳ ಮೇಲೆ ಸೋಲಾರ್ ಹಾಕಿದ್ದಾರೆ ಎಂದು ಹಿಂದಿನ ಭಾಷಣಕಾರರು ಹೇಳಿದರು. ನಿಜ. ಒಂದು ಮನೆಯನ್ನು ಬಿಟ್ಟು ಉಳಿದದ್ದೆಲ್ಲ ನಿಜ. ಅವರು ಕೆಟ್ಟ ಕೆಲಸ ಮಾಡುವವರಲ್ಲ. ಅವರು ಬಿಗಿದ ಬೋಲ್ಟು ಗಾಳಿಗೆ ಅಲ್ಲಾಡಿದ್ದನ್ನು ಯಾರೂ ನೋಡಿಲ್ಲ. ನಮಗೂ ಅವರಿಗೂ ಹಣದ ತಕರಾರೂ ಇಲ್ಲ. ಹಾಗಾದರೆ ನೂರರಲ್ಲಿ ಒಂದು ಮನೆಗೆ ಮಾತ್ರ ಅವರು ಯಾಕೆ ಬರುತ್ತಾರೆ, ಹೋಗುತ್ತಾರೆ, ಬರುತ್ತಾರೆ, ಹೋಗುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಒಂದು ವರ್ಷ ಬೇಕಾಯಿತು. ನಮ್ಮ ಅಜ್ಜಿಗೆ ಒಂದು ಸಂಜೆ ಸಾಕಾಯಿತು.

ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ತೆರಕಣಾಂಬಿಯಲ್ಲಿ ಬಸ್ಸಿಳಿದು ನಡೆದು ಹೋಗಬಹುದಾದ ಒಂದು ಸಣ್ಣ ಊರು ನಮ್ಮದು. ಅಪ್ಪ ಕುಮಾರಸ್ವಾಮಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಬಸ್ಸಿನ ಚಾಲಕರು. ಇಲ್ಲಿ ಕುಳಿತಿರುವ ಬಹಳಷ್ಟು ಜನರನ್ನು ಅವರು ದೇವರ ಬಾಗಿಲವರೆಗೆ ಕರೆದುಕೊಂಡು ಹೋಗಿ ಕ್ಷೇಮವಾಗಿ ವಾಪಸು ತಂದು ಬಿಟ್ಟಿದ್ದಾರೆ. ನಾನು ಚಾಮರಾಜನಗರದಲ್ಲಿ ಡಿಗ್ರಿ ಓದಿದೆ. ನಿಜವಾದ ಓದು ನಡೆದದ್ದು ಅಲ್ಲಿಯ ಬಸ್ ನಿಲ್ದಾಣದಲ್ಲಿ. ಯಾರು ಕರಪತ್ರ ಹಂಚಿದರೂ ಕೈ ಚಾಚುತ್ತಿದ್ದೆ. ರೈತರದು, ಮಹಿಳೆಯರದು, ವಿಜ್ಞಾನದವರದು, ಕುಡಿತ ಬಿಡಿಸುವವರದು. ಒಮ್ಮೆ ಮೂಲವ್ಯಾಧಿಯ ಔಷಧಿಯದ್ದೂ ಬಂತು. ಅದನ್ನೂ ಪೂರ್ತಿ ಓದಿದೆ. ಓದು ಎಂದ ಮೇಲೆ ಅದು ಬೇಕು, ಇದು ಬೇಡ ಎನ್ನಬಾರದು.

ಹಾಗೆ ಸಿಕ್ಕಿದ ಒಂದು ಕಿರುಹೊತ್ತಿಗೆಯಲ್ಲಿ ತಾರಸಿಯ ವಿದ್ಯುತ್ತಿನ ವಿಷಯವಿತ್ತು. ಮನೆಯ ಮೇಲೆ ಫಲಕ ಹಾಕಿದರೆ ಹಗಲು ಕರೆಂಟು ಹುಟ್ಟುತ್ತದೆ, ಮನೆಗೆ ಬೇಕಾದಷ್ಟು ಉರಿದು ಮಿಕ್ಕಿದ್ದು ತಾನಾಗಿ ಬೀದಿಯ ಕಂಬಕ್ಕೆ ಹೋಗುತ್ತದೆ, ಕಂಬದಿಂದ ಊರಿಗೆ ಹೋಗುತ್ತದೆ ಎಂದು ಬರೆದಿತ್ತು. ಸೂರ್ಯನಿಗೆ ಕೇರಿ ಯಾವುದು, ಬೀದಿ ಯಾವುದು ಎಂದು ಗೊತ್ತಿಲ್ಲ ಎಂಬ ಮಾತೂ ಇತ್ತು. ಅದರ ಕೆಳಗೆ ನಾನು ಎರಡು ಗೆರೆ ಎಳೆದೆ. ಮನೆಗೆ ಬಂದು ಓದಿ ಹೇಳಿದೆ.

ಅಪ್ಪ ಕೇಳಿದರು: ‘ಸರ್ಕಾರದೋರೇ ಬಿಟ್ಟಿ ಕರೆಂಟು ಕೊಡ್ತಾವ್ರಲ್ಲಮ್ಮಿ, ನಮ್ಗ್ಯಾಕೆ ಇದೆಲ್ಲ?’

ಒಳ್ಳೆಯ ಪ್ರಶ್ನೆ. ನೀವೂ ಮನಸ್ಸಿನಲ್ಲೇ ಕೇಳುತ್ತಿರಬಹುದು. ನನ್ನ ಉತ್ತರ ಇಷ್ಟೇ. ಕೊಟ್ಟದ್ದನ್ನು ಉರಿಸುವುದು ಬೇರೆ, ನಾವು ಹುಟ್ಟಿಸಿ ಉರಿಸುವುದು ಬೇರೆ. ನಮ್ಮ ಕೇರಿ ಇಲ್ಲಿಯವರೆಗೆ ಎಲ್ಲವನ್ನೂ ಇಸಿದುಕೊಂಡ ಕೇರಿ. ನೀರು ಮೇಲಿನ ಬೀದಿ ದಾಟಿ ಬರಬೇಕು, ರಸ್ತೆ ಮೇಲಿನ ಬೀದಿಗೆ ಹಾಕಿ ಮಿಕ್ಕಿದರೆ ಬರಬೇಕು, ಕರೆಂಟಿನ ತಂತಿಯೂ ಅಲ್ಲಿಂದಲೇ ಬರಬೇಕು. ನಮ್ಮ ಕಡೆಯಿಂದ ಅತ್ತ ಹೋಗುವಂಥದ್ದು ಕೂಲಿ ಒಂದನ್ನು ಬಿಟ್ಟು ಬೇರೇನಾದರೂ ಇದೆಯೇ? ನಾನು ಯೋಚನೆ ಮಾಡಿದೆ. ಇರಲಿಲ್ಲ.

ನಮ್ಮ ಅಜ್ಜಿ ಸೋಮಮ್ಮ ಅಲ್ಲೇ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಬೇರೆ ಯಾವುದರ ಬಗ್ಗೆಯೂ ಕೇಳಲಿಲ್ಲ. ಆ ಕಂಬದ ಬಗ್ಗೆ ಮಾತ್ರ ಕೇಳಿದರು.

‘ಮಿಕ್ಕಿದ್ ಕರೆಂಟು ಎಲ್ಗೋಯ್ತದೆ ಅಂದ್ಯಮ್ಮಿ?’

‘ಕಂಬಕ್ಕೆ ಅಜ್ಜಿ. ಹತ್ರ ಯಾರ್ ಉರಿಸ್ತಾ ಇದ್ರೆ ಅವ್ರ ಮನೆಗೆ.’

‘ಮೇಲಿನ್ ಬೀದಿಗೂ ಓಯ್ತದಾ?’

‘ಹೂಂ.’

‘ಅವ್ರ ಅಡ್ಗೆಮನೆ ಒಳಕ್ಕೂವೆ?’

‘ಅವ್ರು ಮಿಕ್ಸಿ ಹಾಕುದ್ರೆ ನಮ್ ಕರೆಂಟಲ್ಲೂ ತಿರುಗ್ತದೆ ಅಜ್ಜಿ.’

‘ಯಾರೂ ತಡಿಯಲ್ವಾ?’

‘ತಡಿಯಕ್ಕಾಗಲ್ಲ.’

ಅಜ್ಜಿ ಒಂದು ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು. ‘ಅಂಗಾದ್ರೆ ಹಾಕ್ಸು’ ಎಂದರು.

ಸಭಿಕರೇ, ನಮ್ಮ ಮನೆಗೆ ಸೋಲಾರ್ ಬರಲು ಕಾರಣ ನನ್ನ ಕಿರುಹೊತ್ತಿಗೆಯಲ್ಲ. ಆ ಚಟ್ನಿ. ನಮ್ಮ ಕರೆಂಟಿನಲ್ಲಿ ನೀವು ರುಬ್ಬಿಕೊಂಡು ತಿನ್ನಲಿರುವ ಚಟ್ನಿ.

ಸೋಮೇಶಣ್ಣ ನಮ್ಮೂರಿನವರೇ, ಮೇಲಿನ ಬೀದಿಯವರು. ಅಂಗಡಿ ಇಲ್ಲಿ ಗುಂಡ್ಲುಪೇಟೆಯಲ್ಲಿ. ನಾನು ಹೋಗಿ ಕೇಳಿದ ತಕ್ಷಣ ಒಪ್ಪಿಕೊಂಡರು. ಅರ್ಜಿ, ಬ್ಯಾಂಕು, ಸಬ್ಸಿಡಿ ಎಲ್ಲದಕ್ಕೂ ಅವರೇ ಓಡಾಡಿದರು. ಅದರಲ್ಲಿ ಒಂದು ದಿನವೂ ತಡ ಮಾಡಲಿಲ್ಲ. ಕಚೇರಿಗಳಲ್ಲಿ ಯಾರೂ ಊಟಕ್ಕೆ ಕರೆಯುವುದಿಲ್ಲವಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿಯನ್ನು ನೆನಪಿಸಬೇಕು. ನಿಮಗೆ ಗೊತ್ತಿಲ್ಲದ್ದಲ್ಲ. ಮನೆಯ ಕೆಲಸಕ್ಕೆ ಯಾರೇ ಬರಲಿ, ಗಾರೆಯವರು, ಬಡಗಿ, ಬಾವಿ ತೋಡುವವರು, ಮಧ್ಯಾಹ್ನದ ಊಟ ಆ ಮನೆಯದು. ತಾರಸಿ ಹಾಕುವ ದಿನವಾದರೆ ಪಾಯಸವೂ ಆಗಬೇಕು. ಕೂಲಿ ಬೇರೆ, ಊಟ ಬೇರೆ. ಕೂಲಿ ಕೆಲಸಕ್ಕೆ, ಊಟ ಮನೆಯ ಮರ್ಯಾದೆಗೆ. ಹೊಸ ಮನೆ ನೋಡಿ ಬಂದವರನ್ನು ನಮ್ಮೂರಿನಲ್ಲಿ ‘ಮನೆ ಹೆಂಗದೆ’ ಎಂದು ಆಮೇಲೆ ಕೇಳುತ್ತಾರೆ, ‘ಆಳುಗಳಿಗೆ ಏನ್ ಮಾಡುದ್ರಂತೆ’ ಎಂದು ಮೊದಲು ಕೇಳುತ್ತಾರೆ.

ಸೋಮೇಶಣ್ಣನ ಊಟವಂತೂ ಊರಿಗೇ ಪ್ರಸಿದ್ಧ. ಅವರ ಕೆಲಸದ ಲೆಕ್ಕಾಚಾರವೇ ಊಟದ ಮೇಲೆ ನಿಂತಿದೆ. ಊಟಕ್ಕೆ ಮುಂಚೆ ಕಬ್ಬಿಣದ ಚೌಕಟ್ಟು, ಊಟವಾದ ಮೇಲೆ ಫಲಕ ಏರಿಸುವುದು, ಸಂಜೆಯೊಳಗೆ ತಂತಿ. ಮೇಲಿನ ಬೀದಿಯ ಒಂದು ಮನೆಯಲ್ಲಿ ಮೂರನೆಯ ಮುದ್ದೆ ಕೇಳಿದಾಗ ಆ ಮನೆಯಾಕೆ, ‘ಯಾಕ್ ಸೋಮೇಶ, ಬಿಸಿಲಲ್ಲಿ ನೀನೂ ಚಾರ್ಜ್ ಆಯ್ತಾ ಇದ್ದೀಯಾ?’ ಎಂದರಂತೆ. ನಗುತ್ತಿದ್ದೀರಿ. ಆ ಮನೆಯವರೂ ಇಲ್ಲೇ ಇದ್ದಾರೆ ಎಂದಾಯಿತು.

ನಮ್ಮ ಮನೆಗೆ ಅವರು ಬಂದ ಮೊದಲ ದಿನ ಅಜ್ಜಿ ಬೆಳಗಿನಿಂದಲೇ ಒಲೆಯ ಮುಂದೆ ಇದ್ದರು. ಮುದ್ದೆ, ಅವರೆಕಾಳಿನ ಸಾರು, ಅನ್ನ, ಶಾವಿಗೆ ಪಾಯಸ. ಹೊಸ ಎಲೆ ತರಿಸಿದ್ದರು. ಮೇಲೆ ಚೌಕಟ್ಟು ಎದ್ದಿತು, ಕೆಳಗೆ ಒಗ್ಗರಣೆ ಸಿಡಿಯಿತು. ಸೋಮೇಶಣ್ಣನ ಫೋನು ಬಡಿದುಕೊಂಡಿತು. ಗುಂಡ್ಲುಪೇಟೆಯಲ್ಲಿ ಅರ್ಜೆಂಟ್ ಕೆಲಸವಂತೆ. ಫಿಟ್ಟರ್ ದಿಲೀಪ್ ಮತ್ತು ಉಳಿದ ಹುಡುಗರನ್ನು ಕರೆದುಕೊಂಡು ಏಣಿ ಇಳಿದು ಹೋದರು. ‘ನಾಳೆ ಬೆಳಿಗ್ಗೇನೆ ಬತ್ತೀವಿ ಮೇಡಂ’ ಎಂದರು. ಆ ನಾಳೆ ಹತ್ತು ದಿನದ ಮೇಲೆ ಬಂತು.

ಅವತ್ತೂ ಹಾಗೆಯೇ. ಫಲಕಗಳು ಮೇಲೇರಿದವು, ಒಗ್ಗರಣೆ ಸಿಡಿಯಿತು, ಫೋನು ಬಡಿದುಕೊಂಡಿತು. ಸೋದರಮಾವ ತೀರಿಕೊಂಡರಂತೆ. ಅಜ್ಜಿ ಅಯ್ಯೋ ಎಂದರು. ಅದರ ಮುಂದಿನ ತಿಂಗಳು ಇನ್ನೊಬ್ಬ ಸೋದರಮಾವ ತೀರಿಕೊಂಡರು. ಬೇಸಿಗೆಯಲ್ಲಿ ಮತ್ತೊಬ್ಬರು. ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಹಾಗೆ ಸೋಮೇಶಣ್ಣನಿಗೆ ಸೋದರಮಾವ ಇರುವುದು ಒಬ್ಬರೇ. ಅವರು ಈಗ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಆರೋಗ್ಯವಾಗಿ ಕಾಣುತ್ತಿದ್ದಾರೆ. ದೇವರು ಚೆನ್ನಾಗಿಟ್ಟಿರಲಿ.

ಪಕ್ಕದ ಮನೆಯ ಹುಚ್ಚಯ್ಯ ತಾತ ದಿನಾ ಬೆಳಿಗ್ಗೆ ಜಗಲಿಯಿಂದಲೇ ಕೂಗುತ್ತಿದ್ದರು: ‘ಏನಮ್ಮಿ, ಹುಟ್ಟುದ್ನಾ ಸೂರ್ಯ ನಿಮ್ಮನೇಲಿ?’

‘ಹುಟ್ತನೆ ತಾತ, ಇಂಗೆ ಇನ್ನೊಂದ್ ವಾರ.’

‘ಹುಟ್ಟುದ್ ದಿನ ಹೇಳು, ನಾನೂ ಹಾಕುಸ್ತೀನಿ. ಅಲ್ಗಂಟ ನಂಗೆ ಸೀಮೆಎಣ್ಣೆ ಬುಡ್ಡೀನೇ ಸೈ.’

ತಮಾಷೆ ಇರಬಹುದು. ಆದರೆ ನಮ್ಮ ಕೇರಿಯ ಹತ್ತಾರು ಮನೆಗಳು ಅದೇ ಮಾತು ಹೇಳಿ ಕಾಯುತ್ತಿದ್ದವು. ನಾನು ಮನೆ ಮನೆಗೆ ಹೋಗಿ, ಕಿರುಹೊತ್ತಿಗೆ ಓದಿ ಹೇಳಿ, ಎಲ್ಲರನ್ನೂ ಒಪ್ಪಿಸಿದ್ದೆ. ‘ನಿಮ್ಮನೇಲಿ ಉರಿಲಿ ನೋಡವ’ ಎಂದಿದ್ದರು. ನಮ್ಮ ಮನೆಯಲ್ಲಿ ಉರಿಯದಿದ್ದರೆ ನಮ್ಮ ಕೇರಿಯಲ್ಲಿ ಉರಿಯುವುದಿಲ್ಲ. ಇದನ್ನು ದಯವಿಟ್ಟು ಒಂದು ಮನೆಯ ದೂರು ಎಂದು ಕೇಳಬೇಡಿ.

ನಾನು ಏನು ಮಾಡಿದೆ? ಗ್ರಾಹಕರ ಹಕ್ಕುಗಳ ಕಿರುಹೊತ್ತಿಗೆ ತೆಗೆದೆ. ಫೋನು ಮಾಡಿ ಕಾನೂನಿನ ಸೆಕ್ಷನ್ನುಗಳನ್ನು ಗಟ್ಟಿಯಾಗಿ ಓದಿದೆ. ಸೋಮೇಶಣ್ಣ ಪೂರ್ತಿ ಕೇಳಿಸಿಕೊಂಡು, ‘ಆಯ್ತು ಮೇಡಂ, ಸೋಮವಾರ’ ಎಂದರು. ಯಾವ ಸೋಮವಾರ ಎಂದು ಕೇಳಬೇಕೆಂಬುದನ್ನು ಆ ಪುಸ್ತಕ ಹೇಳಿಕೊಟ್ಟಿರಲಿಲ್ಲ. ಮೋಸಗಾರ ಗುತ್ತಿಗೆದಾರ ಎಂದುಕೊಂಡೆ. ಮಾತು ಉಳಿಸಿಕೊಳ್ಳದ ಮನುಷ್ಯ ಎಂದುಕೊಂಡೆ. ಬೇರೆ ಏನೂ ಹೊಳೆಯಲಿಲ್ಲ. ನಾನು ಶಾಲೆಯಲ್ಲಿ ಮೇಲಿನ ಬೀದಿಯ ಮಕ್ಕಳ ಜೊತೆ ಒಂದೇ ಸಾಲಿನಲ್ಲಿ ಕುಳಿತು ಬಿಸಿಯೂಟ ಉಂಡವಳು. ಆ ಕಾಲ ಹೋಯಿತು ಎಂದು ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ತೆಗೆದುಕೊಂಡವಳು.

ಹೀಗಿರುವಾಗ ಹರದನಹಳ್ಳಿಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಅವ್ವ, ಅಜ್ಜಿ ಇಬ್ಬರೂ ಹೋದರು. ಅಪ್ಪ ಡ್ಯೂಟಿಯಲ್ಲಿದ್ದರು. ನಾನೊಬ್ಬಳೇ ಮನೆಯಲ್ಲಿ. ನನಗೊಬ್ಬಳಿಗೆ ಯಾಕೆಂದು ಒಲೆ ಹಚ್ಚಲಿಲ್ಲ, ಬೆಳಗಿನ ಉಪ್ಪಿಟ್ಟು ಮಿಕ್ಕಿತ್ತು. ಅವತ್ತು ಸೋಮೇಶಣ್ಣ ಬಂದರು. ಮಧ್ಯಾಹ್ನವಾಯಿತು. ಫೋನು ಬಡಿದುಕೊಳ್ಳಲಿಲ್ಲ. ಸೋದರಮಾವಂದಿರು ಬದುಕಿದ್ದರು. ಹುಡುಗರು ಕೇರಿಯ ಬಾಯಲ್ಲಿರುವ ಹೊಂಗೆ ಮರದ ಕೆಳಗೆ ಹೋಗಿ, ಹೋಟೆಲಿನಿಂದ ಕಟ್ಟಿಸಿಕೊಂಡು ಬಂದಿದ್ದ ಚಿತ್ರಾನ್ನ ತಿಂದು ವಾಪಸು ಬಂದರು. ಸಂಜೆಯವರೆಗೆ ಕೆಲಸ ಮಾಡಿದರು. ಬಿಸಿಲನ್ನು ಮನೆಯ ಕರೆಂಟಾಗಿ ಬದಲಾಯಿಸುವ ಇನ್ವರ್ಟರ್ ಪೆಟ್ಟಿಗೆ ಗೋಡೆ ಏರಿತು. ಒಂದು ವರ್ಷದ ಕೆಲಸ ಒಂದು ದಿನದಲ್ಲಿ ಆಯಿತು. ನನಗೆ ಕುಣಿಯುವಷ್ಟು ಸಂತೋಷ.

ಸಂಜೆ ಬಸ್ಸಿಗೆ ಅವ್ವ, ಅಜ್ಜಿ ಬಂದರು. ಗೋಡೆಯ ಮೇಲಿನ ಪೆಟ್ಟಿಗೆ ತೋರಿಸಿದೆ. ‘ಸಾಯಂಕಾಲದವರ್ಗೂ ಇದ್ರು ಅಜ್ಜಿ, ಇವತ್ತು ಎಷ್ಟ್ ಚೆನ್ನಾಗ್ ಕೆಲ್ಸ ಮಾಡುದ್ರು ಗೊತ್ತಾ!’

ಅಜ್ಜಿ ಪೆಟ್ಟಿಗೆ ನೋಡಲಿಲ್ಲ. ಅಡುಗೆಮನೆಗೆ ಹೋದರು. ಒಲೆಯ ಬೂದಿಯ ಮೇಲೆ ಕೈಯಿಟ್ಟರು.

‘ಒಲೆ ಹಚ್ಚಿರ್ಲಿಲ್ವಾಮ್ಮಿ?’

‘ಇಲ್ಲ ಅಜ್ಜಿ.’

ಅಲ್ಲೇ ಕುಳಿತುಕೊಂಡರು. ಆಮೇಲೆ ಹೇಳಿದರು: ‘ಒಲೆ ಹಚ್ಚುದ್ ದಿನ ಕೆಲ್ಸ ಆಗಲ್ಲ. ಹಚ್ದೆ ಇದ್ ದಿನ ಆಯ್ತದೆ. ಅವ್ನು ಕೆಲ್ಸಗಳ್ಳ ಅಲ್ಲ ಕಣಮ್ಮಿ. ನಮ್ಮನೇಲಿ ಉಣ್ಣಕ್ಕೆ ಎದ್ರುಕೊಂಡು ಓಡೋಯ್ತಾ ಇದ್ದ. ನಿನ್ ಪುಸ್ತಕದಲ್ಲಿ ಸೂರ್ಯನ್ಗೆ ಕೇರಿ ಗೊತ್ತಿಲ್ಲ ಅಂತ ಬರ್ದಿತ್ತಲ್ಲ? ಗೊತ್ತಿಲ್ದೆ ಇರ್ಬೋದು. ಏಣಿ ಹತ್ತೋನ್ಗೆ ಗೊತ್ತು.’

ಸಭಿಕರೇ, ಯಾವ ಕರಪತ್ರದಲ್ಲೂ ನಾನು ಈ ಮಾತು ಓದಿರಲಿಲ್ಲ.

ರಾತ್ರಿ ಅಪ್ಪ ಬಂದ ಮೇಲೆ ಮನೆಯಲ್ಲಿ ಪಂಚಾಯಿತಿ ನಡೆಯಿತು. ಅಪ್ಪ ಸುಲಭದ ದಾರಿ ಹೇಳಿದರು: ‘ಇನ್ನುಳಿದಿರೋದು ಒಂದಿನದ ಕೆಲ್ಸ. ಅವತ್ತು ಒಲೆ ಹಚ್ಬ್ಯಾಡಿ, ಮುಗ್ದೋಯ್ತದೆ. ಆಮೇಲೆ ಮಾಡ್ಕೊಂಡು ಉಣ್ಣವ.’

ತಪ್ಪು ಮಾತೇ? ಯೋಚನೆ ಮಾಡಿ ನೋಡಿ. ಇನ್ವರ್ಟರಿನಿಂದ ಮೀಟರಿನವರೆಗೆ ತಂತಿ ಎಳೆಯಬೇಕು, ಅರ್ತಿಂಗಿಗೆ ಅಂಗಳದಲ್ಲಿ ಗುಂಡಿ ತೋಡಿ ಕಡ್ಡಿ ಹೂಳಬೇಕು. ಅಷ್ಟೇ. ಒಂದು ಹಗಲು ಹೊಗೆ ಏಳದಿದ್ದರೆ ಸಾಕು. ಕೇರಿಯ ಅಷ್ಟೂ ಮನೆಗಳಿಗೆ ದಾರಿಯಾಗುತ್ತದೆ. ನಾನು ಹೂಂ ಎನ್ನಲು ಬಾಯಿ ತೆರೆದೆ. ಅವ್ವನೂ ಹೂಂ ಎಂದರು.

ಅಜ್ಜಿ ಅಪ್ಪನ ಮುಖ ನೋಡಿ ಕೇಳಿದರು: ‘ಒಲೆ ಆರಿಸ್ಕೊಂಡು ದೀಪ ಹಚ್ಚನ ಅಂತೀಯಾಲಾ ಕುಮಾರ?’

ಅಪ್ಪ ಎದ್ದು ಹೊರಗೆ ಹೋದರು.

ಅಪ್ಪನ ವಿಷಯ ಒಂದು ಮಾತು. ಅವರು ಈ ಸಭೆಗೆ ಬಂದಿಲ್ಲ, ಡ್ಯೂಟಿ. ಬಂದಿದ್ದರೆ ಇದನ್ನು ಹೇಳಲು ಬಿಡುತ್ತಿರಲಿಲ್ಲ. ನಾನು ಚಿಕ್ಕವಳಾಗಿದ್ದಾಗ ಶಾಲೆಗೆ ರಜೆ ಬಂದರೆ ಅಪ್ಪನ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನ ಬೆಟ್ಟದ ಬುಡದಲ್ಲಿ ಬಸ್ಸು ನಿಲ್ಲುತ್ತಿತ್ತು. ಉಳಿದ ಚಾಲಕರು, ಕಂಡಕ್ಟರುಗಳೆಲ್ಲ ಮರದ ಕೆಳಗೆ ಸುತ್ತ ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ನೀನು ನನ್ನ ಪಲ್ಯ ನೋಡು, ನಾನು ನಿನ್ನ ಗೊಜ್ಜು ನೋಡುತ್ತೇನೆ ಎಂದು ಹಂಚಿಕೊಳ್ಳುತ್ತಿದ್ದರು. ಅಪ್ಪ ಮಾತ್ರ ಚಾಲಕನ ಸೀಟಿನಲ್ಲೇ ಕುಳಿತು ಸ್ಟೇರಿಂಗಿನ ಮೇಲೆ ಡಬ್ಬಿ ಇಟ್ಟುಕೊಂಡು ತಿನ್ನುತ್ತಿದ್ದರು. ನನ್ನನ್ನು ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಬಾನೆಟ್ಟು ಬೆಚ್ಚಗಿರುತ್ತಿತ್ತು. ನಮ್ಮಪ್ಪನಿಗೆ ಬಸ್ಸು ಎಂದರೆ ಎಷ್ಟು ಪ್ರೀತಿ, ಊಟಕ್ಕೂ ಬಿಟ್ಟು ಇಳಿಯುವುದಿಲ್ಲ ಎಂದು ನಾನು ಗೆಳತಿಯರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಅಲ್ಲಿ ಯಾರೂ ಅವರನ್ನು ಬೇಡ ಎಂದಿರಲಿಲ್ಲ. ಬಾ ಎಂದೂ ಇರಲಿಲ್ಲ. ಅಷ್ಟೇ.

ನೀರು ಕೊಡಿ, ಒಂದು ಗುಟುಕು. ಧನ್ಯವಾದ.

ಮಾರನೆಯ ದಿನ ನಾನು ಗುಂಡ್ಲುಪೇಟೆಗೆ ಬಂದೆ. ಬೇಡ ಎಂದವರು ಯಾರು, ಅವರನ್ನು ಹುಡುಕಬೇಕು ಎಂದು ಹೊರಟೆ. ಅವರ ಜೊತೆ ಜಗಳ ಮಾಡಲು ಮಾತುಗಳನ್ನೂ ಸಿದ್ಧ ಮಾಡಿಕೊಂಡಿದ್ದೆ. ಸೋಮೇಶಣ್ಣನ ಅಂಗಡಿಗೆ ಹೋಗಿ ನಿಂತೇ ಕೇಳಿದೆ: ‘ಸೋಮೇಶಣ್ಣ, ನಮ್ಮನೇಲಿ ಊಟ ಮಾಡಕ್ಕೆ ನಿಮ್ಗೇನ್ ಕಷ್ಟ?’

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಯಾವ ಕಥೆಯನ್ನೂ ಹೇಳಲಿಲ್ಲ. ಯಾವ ಸೋದರಮಾವನನ್ನೂ ಸಾಯಿಸಲಿಲ್ಲ.

‘ನಂಗೇನಿಲ್ಲ ಮೇಡಂ. ಮೈಸೂರಲ್ಲಿ ಐಟಿಐ ಓದುವಾಗ ಎಲ್ರು ಜೊತೇಲೂ ಒಂದೇ ತಟ್ಟೇಲಿ ತಿಂದಿವ್ನಿ. ಈ ಹುಡುಗ್ರು ಅವ್ರಲ್ಲ, ಅವ್ರು ಏನಂದ್ಕಂಡಾರೋ ಅಂತ.’

ಹಿಂದೆ ತಂತಿ ಸುತ್ತುತ್ತಿದ್ದ ದಿಲೀಪ್ ತಲೆ ಎತ್ತಿದ. ‘ನಮ್ಗೇನಣ್ಣ? ನೀವು ಇಳುದ್ರಿ, ಅದ್ಕೆ ನಾವೂ ಇಳುದ್ವಿ. ಅಜ್ಜಿ ಸಾರಿನ್ ವಾಸ್ನೆಗೆ ಹೊಟ್ಟೆ ಚುರ್ರ್ ಅಂತಿತ್ತು.’

‘ಸುಮ್ಕಿರ್ಲಾ ನೀನು’ ಎಂದರು ಸೋಮೇಶಣ್ಣ. ‘ಅದು ಅಂಗಲ್ಲ ಮೇಡಂ. ಮನೇಲಿ ಅವ್ವ ಅವ್ಳೆ. ಅವ್ಳಿಗೆ ಗೊತ್ತಾದ್ರೆ ಬೇಜಾರ್ ಮಾಡ್ಕೊಂಡ್ಬುಡ್ತಳೆ.’

ಹಾಗಾದರೆ ಬೇಡ ಎಂದವರು ಅವರ ತಾಯಿ. ಅದೇ ಮಧ್ಯಾಹ್ನ ಮೇಲಿನ ಬೀದಿಗೆ ಹೋದೆ. ಆ ಬಾಗಿಲ ಮುಂದೆ ಅಷ್ಟು ಹೊತ್ತು ನಿಂತದ್ದು ನಾನು ಅದೇ ಮೊದಲು. ಶಾಂತಮಲ್ಲಮ್ಮನವರು ಹೊರಗೆ ಬಂದರು. ಅವರಿಗೂ ಅದೇ ಪ್ರಶ್ನೆ ಕೇಳಿದೆ.

‘ನಾನ್ಯಾವತ್ತಮ್ಮಿ ಬ್ಯಾಡ ಅಂದೆ?’ ಎಂದು ಅವರಿಗೇ ಕೋಪ ಬಂತು. ‘ಅವ್ನು ಎಲ್ಲುಂಡ, ಯಾರ್ ಮನೇಲುಂಡ ಅಂತ ನಾನು ಕೇಳಕ್ಕೋಗಿದ್ದೀನಾ? ನನ್ ತಲೆ ಮ್ಯಾಲೆ ಹಾಕವ್ನಾ ಅವ್ನು? ಅವ್ರಪ್ಪ ಇದ್ದಿದ್ರೆ ಏನಾರ ಅಂತಿದ್ರೇನೋ...’

ಹಾಗೆಂದು ತಿರುಗಿ ಒಳಗಿನ ಗೋಡೆ ನೋಡಿದರು. ನಾನೂ ನೋಡಿದೆ. ಗೋಡೆಯ ಮೇಲೆ ಅವರ ಯಜಮಾನರ ಫೋಟೋ, ಅದಕ್ಕೊಂದು ಹಾರ, ಅದರ ಮೇಲೊಂದು ಕೆಂಪು ಸಣ್ಣ ಬಲ್ಬು. ಬಲ್ಬಿಗೆ ತಾರಸಿಯ ಸೋಲಾರಿನಿಂದಲೇ ಕರೆಂಟು. ಹುಡುಗರು ಸೋಮೇಶಣ್ಣನಿಗೆ ಹೆದರಿದರು, ಸೋಮೇಶಣ್ಣ ಹುಡುಗರಿಗೂ ತಾಯಿಗೂ ಹೆದರಿದರು, ತಾಯಿ ಫೋಟೋಕ್ಕೆ ಹೆದರಿದರು. ನಾನು ಜಗಳಕ್ಕೆ ಸಿದ್ಧ ಮಾಡಿಕೊಂಡು ಹೋಗಿದ್ದ ಮಾತುಗಳನ್ನು ಯಾರಿಗೆ ಹೇಳಲಿ? ಫೋಟೋಕ್ಕೆ ಹೇಳಲೇ? ನಾನು ಚಿಕ್ಕವಳಿದ್ದಾಗ ಆ ಯಜಮಾನರು ದಾರಿಯಲ್ಲಿ ಸಿಕ್ಕಿದರೆ, ‘ಚೆನ್ನಾಗ್ ಓದ್ಕಮ್ಮಿ’ ಎನ್ನುತ್ತಿದ್ದರು. ಬದುಕಿದ್ದರೆ ಅವರೂ ಇನ್ಯಾರನ್ನೋ ತೋರಿಸುತ್ತಿದ್ದರೋ ಏನೋ.

ನಾನು ಹೊರಡಲು ತಿರುಗಿದೆ. ‘ಇರು, ಬಿಸ್ಲಲ್ಲಿ ಬಂದಿದ್ದೀಯ’ ಎಂದು ಶಾಂತಮಲ್ಲಮ್ಮನವರು ಒಳಗೆ ಹೋಗಿ ಮಜ್ಜಿಗೆ ತಂದರು. ಪೇಪರ್ ಲೋಟದಲ್ಲಿ. ಯಾವುದೋ ಮಗುವಿನ ಹುಟ್ಟುಹಬ್ಬಕ್ಕೆ ತಂದು ಮಿಕ್ಕಿದ ಲೋಟ, ಮೇಲೆ ಬಲೂನುಗಳ ಚಿತ್ರ. ಕುಡಿದು ಎಸೆಯುವ ಲೋಟವನ್ನು ಯಾಕೆ ಕೊಡುತ್ತಾರೆಂದು ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ನಾನು ಕೈ ಚಾಚಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಆ ಬಲೂನುಗಳನ್ನೇ ನೋಡುತ್ತಾ ನಿಂತೆ. ಅವರೂ ನೋಡಿದರು. ಆಮೇಲೆ ಅವರು ಒಳಗೆ ಹೋದರು. ಪಾತ್ರೆಗಳ ಸದ್ದಾಯಿತು. ಅದೇ ಮಜ್ಜಿಗೆಯನ್ನು ಸ್ಟೀಲ್ ಲೋಟಕ್ಕೆ ಸುರಿದುಕೊಂಡು ಬಂದರು. ಲೋಟದ ಮೇಲೆ ಅವರ ಹೆಸರು ಕೊರೆದಿತ್ತು. ನಾನು ಕುಡಿದೆ. ತೊಳೆಯಲು ಹೋದರೆ, ‘ಇಕ್ಕಮ್ಮಿ ಅಲ್ಲಿ, ನಾನ್ ತೊಳ್ಕತೀನಿ’ ಎಂದು ಕೈಯಿಂದ ಕಿತ್ತುಕೊಂಡರು.

ಇದನ್ನು ಸಭೆಯಲ್ಲಿ ಹೇಳಲೇ ಎಂದು ಈಗ ಒಳಗೆ ಬರುವಾಗ ಬಾಗಿಲಲ್ಲಿ ಅವರನ್ನೇ ಕೇಳಿದೆ. ‘ಹೇಳು. ಮಜ್ಜಿಗೆ ಚೆನ್ನಾಗಿತ್ತು ಅಂತ್ಲೂ ಹೇಳು’ ಎಂದರು. ಮಜ್ಜಿಗೆ ಬಹಳ ಚೆನ್ನಾಗಿತ್ತು.

ಈಗ ನಿಮಗೆ ಒಂದು ಅನುಮಾನ ಬಂದಿರುತ್ತದೆ. ಸನ್ಮಾನದ ದಿನ ಸನ್ಮಾನಿತರ ಬಗ್ಗೆ ಹೀಗೆ ಮಾತಾಡಲು ಈ ಹುಡುಗಿಯನ್ನು ಯಾರು ಕರೆದರು? ಪದಾಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ದಯವಿಟ್ಟು ಅವರನ್ನು ಬೈಯಬೇಡಿ. ನನ್ನ ಹೆಸರು ಹೇಳಿದವರು ಸೋಮೇಶಣ್ಣನವರೇ. ಹೋದ ವಾರ ಅವರೇ ಫೋನು ಮಾಡಿದರು.

‘ಸನ್ಮಾನ ಮಾಡ್ತಾರಂತೆ ಮೇಡಂ. ನೀವ್ ಬಂದು ಮಾತಾಡ್ಬೇಕು.’

‘ಏನಂತ ಮಾತಾಡ್ಲಿ ಸೋಮೇಶಣ್ಣ? ನಮ್ಮನೇಲಿ ಇನ್ನೂ ಉರುದಿಲ್ಲ.’

‘ಅದ್ನೇ ಹೇಳಿ. ಯಾಕ್ ಉರುದಿಲ್ಲ ಅಂತ್ಲೂ ಹೇಳಿ.’

ನಾನು ಕೇಳಿದೆ: ‘ಅಷ್ಟ್ ಜನರ ಮುಂದೆ ನಿಮ್ಗೆ ಅವಮಾನ ಆಗಲ್ವಾ?’

ಅಲ್ಲಿಯವರೆಗೆ ನನ್ನನ್ನು ಮೇಡಂ ಎಂದು ಕರೆಯುತ್ತಿದ್ದವರು ಹೇಳಿದರು: ‘ಆದ್ರೆ ಆಗ್ಲಿ ಕಣಮ್ಮಿ. ನಿಮ್ಮಜ್ಜಿ ಎಲೆ ಹಾಕ್ಕೊಂಡ್ ಕೂತಿರೋದ ಮ್ಯಾಲಿಂದ ನೋಡ್ಬುಟ್ಟು ಇಳ್ದು ಓಗಿವ್ನಿ, ಒಂದ್ ಕಿತ ಅಲ್ಲ. ಅದ್ಕಿಂತ ಅವಮಾನ ಏನೈತೆ? ನಂಗೆ ಹೇಳಕ್ಕೆ ಬಾಯಿ ಬರಲ್ಲ. ನೀನು ಹೇಳ್ಬುಡು. ಒಂದ್ಸಲ ಎಲ್ರಿಗೂ ಗೊತ್ತಾಗ್ಬುಟ್ರೆ, ಆಮೇಲೆ ಯಾರ್ಗೆ ಅಂತ ಎದ್ರುಕೊಳ್ಳದು?’

ಸಭಿಕರೇ, ನಾನು ಇಲ್ಲಿ ದೂರು ಹೇಳಲು ಬಂದಿಲ್ಲ. ಅವರು ಹೇಳಬೇಕಾದ ಮಾತನ್ನು ಅವರ ಪರವಾಗಿ ಹೇಳಲು ಬಂದಿದ್ದೇನೆ. ಅಧ್ಯಕ್ಷರೇ, ನೀವು ಅವರಿಗೆ ಶಾಲು ಹೊದಿಸಿದ್ದು ನೂರು ತಾರಸಿ ಹತ್ತಿದ್ದಕ್ಕೆ. ನನ್ನ ಚಪ್ಪಾಳೆ ಈ ಫೋನಿಗೆ. ಈಗ ಹೊಡೆಯುತ್ತಿದ್ದೇನೆ. ಜೊತೆಗೂಡುವವರು ಕೂಡಬಹುದು.

ಧನ್ಯವಾದಗಳು. ಹಿಂದಿನಿಂದ ಜೋರಾಗಿ ಬಂತು, ಮುಂದಿನ ಸಾಲಿನಿಂದಲೂ ಸ್ವಲ್ಪ ಬಂತು. ಹುಚ್ಚಯ್ಯ ತಾತ, ಸಾಕು, ಕೈ ನೋಯುತ್ತದೆ.

ಚಪ್ಪಾಳೆ ಹೊಡೆದು ಎದ್ದು ಹೋಗುವುದು ಸುಲಭ. ಒಂದು ವೇದಿಕೆಯ ಮಾತಿನಿಂದ ಲೋಕ ತಿರುಗಿಬಿಡುತ್ತದೆ ಎಂದು ನಾನು ಹಿಂದೆ ನಂಬಿದ್ದೆ. ಈಗ ನಂಬುವುದಿಲ್ಲ. ಈಗ ನನಗೆ ಎಲೆಯ ಮುಂದೆ ಕುಳಿತ ಮನುಷ್ಯರು ಬೇಕು. ಕೈ ಸಾರಿನಲ್ಲಿ ಅದ್ದಿದ ಮೇಲೆ ಯಾರೂ ಯಾರ ಮೇಲೂ ನೆಪ ಹಾಕಲು ಆಗುವುದಿಲ್ಲ. ಫೋಟೋದ ಮೇಲೂ ಆಗುವುದಿಲ್ಲ.

ಬರುವ ಭಾನುವಾರ ಸೋಮೇಶಣ್ಣ ಮತ್ತು ಹುಡುಗರು ನಮ್ಮ ಮನೆಗೆ ಕೆಲಸಕ್ಕೆ ಬರುತ್ತಾರೆ. ಊಟಕ್ಕೆ ಮುಂಚೆ ತಂತಿ, ಊಟವಾದ ಮೇಲೆ ಅರ್ತಿಂಗಿನ ಗುಂಡಿ. ಇದು ಅವರೇ ಹೇಳಿದ ಕ್ರಮ. ಊಟವಾದ ಮೇಲೆ ಎಂದು ಅವರ ಬಾಯಲ್ಲಿ ಕೇಳಿ ಅಜ್ಜಿ ಎರಡು ಸಲ ಹೇಳಿಸಿಕೊಂಡರು. ಅವತ್ತೇ ದೀಪ ಉರಿಯುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ವಿದ್ಯುತ್ ಕಚೇರಿಯವರು ಬಂದು ನೋಡಿ, ಹೋಗುವುದನ್ನೂ ಬರುವುದನ್ನೂ ಲೆಕ್ಕ ಇಡುವ ಮೀಟರು ಹಾಕಬೇಕು. ಅದಕ್ಕೆ ಇನ್ನಷ್ಟು ದಿನ ಬೇಕು. ಕಾಯುತ್ತೇವೆ. ಕಾಯುವುದು ನಮಗೆ ಅಭ್ಯಾಸವಾಗಿದೆ.

ಅಡುಗೆ ಏನೆಂದು ಅಜ್ಜಿ ಆಗಲೇ ತೀರ್ಮಾನ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಭಾನುವಾರವೆಂದರೆ ಬಾಡೂಟ. ಆದರೂ, ‘ಬರೋರು ತಿನ್ನೋದೇ ಮಾಡನ ಕಣಮ್ಮಿ, ನಮ್ಮದು ಸೋಮವಾರಕ್ಕಿರ್ಲಿ’ ಎಂದರು. ಮುದ್ದೆ, ಅವರೆಕಾಳಿನ ಸಾರು, ಅನ್ನ, ಪಾಯಸ. ಅಪ್ಪ ಭಾನುವಾರಕ್ಕೆ ರಜೆ ಹಾಕಿದ್ದಾರೆ. ಭಾನುವಾರ ಬೆಟ್ಟಕ್ಕೆ ಜನ ಜಾಸ್ತಿ, ಅವತ್ತು ಚಾಲಕರಿಗೆ ರಜೆ ಸಿಗುವುದಿಲ್ಲ. ಏನು ಹೇಳಿ ಇಸಿದುಕೊಂಡರೋ ಗೊತ್ತಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ಕುಳಿತು ಉಣ್ಣಬೇಕಂತೆ. ಬಡಿಸುವುದು ನಾನು.

ಅಧ್ಯಕ್ಷರಾದ ಗಂಗಾಧರಸ್ವಾಮಿಯವರೇ, ನಿಮಗೆ ಒಂದು ಎಲೆ. ಶಾಂತಮಲ್ಲಮ್ಮನವರೇ, ನಿಮಗೆ ಒಂದು, ಎರಡನೆಯ ಸಾಲಿನಲ್ಲಿರುವ ನಿಮ್ಮ ತಮ್ಮನವರಿಗೆ ಒಂದು. ಬಳಗದ ಎಲ್ಲರಿಗೂ ಒಂದೊಂದು. ಬರಲಾಗದವರು ಯಾರ ಹೆಸರನ್ನೂ ಹೇಳಬೇಡಿ. ಅವರೇನಂದಾರು, ಇವರೇನಂದಾರು ಎನ್ನಬೇಡಿ. ಬರುವುದಿಲ್ಲ ಎಂದು ನಿಮ್ಮ ಹೆಸರಿನಲ್ಲೇ ಹೇಳಿ. ಅದನ್ನೂ ಗೌರವದಿಂದ ಕೇಳಿಕೊಳ್ಳುತ್ತೇನೆ. ಬಂದವರು ಎಷ್ಟೇ ಇರಲಿ, ಅಜ್ಜಿ ಒಲೆ ಹಚ್ಚುವುದಂತೂ ಹಚ್ಚುತ್ತಾರೆ.

ಐದು ನಿಮಿಷವನ್ನು ಇಷ್ಟು ಉದ್ದ ಮಾಡಿದರೂ ಗಂಟೆ ಬಾರಿಸದೆ ಕೇಳಿದ ಅಧ್ಯಕ್ಷರಿಗೆ, ನೀರು ಕೊಟ್ಟವರಿಗೆ, ತಲೆ ತಗ್ಗಿಸಿ ಕುಳಿತರೂ ಎದ್ದು ಹೋಗದ ಸೋಮೇಶಣ್ಣನಿಗೆ, ಕುರ್ಚಿ ಖಾಲಿ ಇದೆ ಎಂದ ಮೇಲೆ ಬಂದು ಕುಳಿತ ನಮ್ಮ ಕೇರಿಯವರಿಗೆ, ಎಲ್ಲರಿಗೂ ನನ್ನ ವಂದನೆಗಳು, ನಮಸ್ಕಾರ.

ನಮ್ಮ ಮನೆ ಕೇರಿಯಲ್ಲಿ ನೇರಳೆ ಬಣ್ಣದ ಬಾಗಿಲಿನದು, ಯಾರನ್ನು ಕೇಳಿದರೂ ತೋರಿಸುತ್ತಾರೆ. ಎಲೆ ಹಾಕುವುದು ಬರುವ ಭಾನುವಾರ, ಮಧ್ಯಾಹ್ನ ಒಂದು ಗಂಟೆಗೆ.